ಬ್ಯಾಕ್ಟೀರಿಯಾಕ್ಕೆ ತೋಡಿದ ಕಾಲುವೆ

ನನ್ನ ಮಗಳಿಗೆ ಒಂದು ಕೆಟ್ಟ ಅಭ್ಯಾಸವಿದೆ. ಕರುಳಿನ ವಿಷಯವನ್ನು ಅವಳು ಊಟಕ್ಕೆ ಕೂತಾಗಲೇ ಎತ್ತುತ್ತಾಳೆ. ತಟ್ಟೆಯಲ್ಲಿ ಬಿಸಿ ಮುದ್ದೆ, ಪಕ್ಕದಲ್ಲಿ ಬಸ್ಸಾರು. ಆಗಲೇ ಇವಳ ಕರುಳಿನ ಗೋಡೆ, ಅದಕ್ಕೆ ಮೆತ್ತಿದ ಲೋಳೆ, ಲೋಳೆಯೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಬಂದು ನಮ್ಮ ಜೊತೆ ಊಟಕ್ಕೆ ಕೂರುತ್ತವೆ. "ಲೇ, ತಿನ್ನೋ ಹೊತ್ತಲ್ಲಿ ಅದೇನೇ ನಿನ್ನ ಗಲೀಜು ಕಥೆ!" ಎಂದು ನನ್ನ ಹೆಂಡತಿ ಗದರುತ್ತಾಳೆ. ನಾನು ಮಾತ್ರ ಮುದ್ದೆ ನುಂಗುತ್ತಲೇ ಕೇಳುತ್ತೇನೆ. ಕಬ್ಬಿಣದ ಪುಡಿ ಮೆತ್ತಿದ ಕೈಯಲ್ಲೇ ಟೀ ಕುಡಿದು ಇಷ್ಟು ವರ್ಷ ಬದುಕಿದವನು, ಬ್ಯಾಕ್ಟೀರಿಯಾಕ್ಕೆಲ್ಲ ಹೆದರುವ ಆಸಾಮಿ ನಾನಲ್ಲ.

ನನ್ನದು ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನಲ್ಲಿ ಒಂದು ಸಣ್ಣ ವರ್ಕ್‌ಶಾಪ್. ಒಂದು ಲೇತು, ಒಂದು ಮಿಲ್ಲಿಂಗ್ ಮಷೀನು, ಒಂದು ಗ್ರೈಂಡರು. ದೊಡ್ಡ ಕಂಪನಿಯವರು ಡ್ರಾಯಿಂಗ್ ಕಳಿಸುತ್ತಾರೆ, ನಾವು ಅದರಂತೆ ಬಿಡಿಭಾಗ ಮಾಡಿಕೊಡುತ್ತೇವೆ. ಐಟಿಐ ಮುಗಿಸಿ ಮೊದಲು ಬೇರೆಯವರ ಲೇತಿನ ಮುಂದೆ ನಿಂತೆ, ಆಮೇಲೆ ನನ್ನದೇ ಲೇತಿನ ಮುಂದೆ ನಿಂತೆ, ನಿಂತು ನಿಂತೇ ತಲೆ ಬೆಳ್ಳಗಾಯಿತು. ಮನೆ ವಿಜಯನಗರದಲ್ಲಿ. ಮಗಳು ಒಬ್ಬಳೇ. ಅವಳು ಆಗ ಜ್ಞಾನಭಾರತಿಯ ಕ್ಯಾಂಪಸ್ಸಿನಲ್ಲಿ ಸೂಕ್ಷ್ಮಜೀವಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಬೆಳಗ್ಗೆ ನಾನು ಸ್ಕೂಟರಿನಲ್ಲಿ ಒಂದು ದಿಕ್ಕಿಗೆ, ಅವಳು ಮೆಟ್ರೋದಲ್ಲಿ ಇನ್ನೊಂದು ದಿಕ್ಕಿಗೆ. ಇಬ್ಬರೂ ಮುಖಾಮುಖಿ ಕೂರುತ್ತಿದ್ದುದು ಊಟದ ಹೊತ್ತಿಗೇ, ಅದಕ್ಕೇ ಕರುಳಿನ ಕಥೆಯೂ ಅಲ್ಲೇ ನಡೆಯಬೇಕಿತ್ತು.

ಬ್ಯಾಕ್ಟೀರಿಯಾ ಅಂದರೆ ನುಣ್ಣಗೆ ಸಾಸಿವೆ ಕಾಳಿನ ಹಾಗೆ ಇರುತ್ತದೆ ಎಂದೇ ನಾನು ತಿಳಿದುಕೊಂಡಿದ್ದೆ. ಹಾಗಲ್ಲವಂತೆ. ಕೆಲವಕ್ಕೆ ಮೈತುಂಬ ಜಾರುವ ಒಂದು ಹೊದಿಕೆ, ಕೆಲವಕ್ಕೆ ಈಜುವುದಕ್ಕೊಂದು ಬಾಲ, ಇನ್ನು ಕೆಲವಕ್ಕೆ ಮೈಯೆಲ್ಲ ಸಣ್ಣ ಸಣ್ಣ ರೋಮ. ಆ ರೋಮ ಸುಮ್ಮನೆ ಅಲಂಕಾರಕ್ಕಿಲ್ಲ. ಒಂದೊಂದು ರೋಮದ ತುದಿಯಲ್ಲೂ ಹಿಡಿದುಕೊಳ್ಳುವ ಒಂದು ಭಾಗವಿದೆ. ಕರುಳಿನ ಗೋಡೆಯ ಮೇಲಿನ ಯಾವುದೋ ಒಂದು ಬಗೆಯ ಸಕ್ಕರೆಯನ್ನು ಅದು ಗುರುತು ಹಿಡಿದು ಕಚ್ಚಿಕೊಳ್ಳುತ್ತದೆ. ಕರುಳು ಒಂದು ಗಳಿಗೆ ಸುಮ್ಮನಿರುವ ಜಾಗವಲ್ಲ. ತಿಂದದ್ದು, ಕುಡಿದದ್ದು, ಒಳಗೇ ಒಸರುವ ರಸ, ಎಲ್ಲವೂ ಹರಿಯುತ್ತಲೇ ಇರುತ್ತದೆ. ಹಿಡಿದುಕೊಳ್ಳಲು ಬಾರದವನು ಆ ಹರಿವಿನಲ್ಲಿ ಕೊಚ್ಚಿ ಹೋಗುತ್ತಾನೆ, ಹಿಡಿದುಕೊಂಡವನು ಅಲ್ಲೇ ಮನೆ ಮಾಡಿ ಸಂಸಾರ ಬೆಳೆಸುತ್ತಾನೆ. ನಮ್ಮ ಹೊಟ್ಟೆಯಲ್ಲಿ ಯಾರು ಬೀಡು ಬಿಡಬೇಕು ಅನ್ನುವುದು ಬಹಳ ಮಟ್ಟಿಗೆ ಅವರ ಮೈಮೇಲೆ ಏನಿದೆ ಅನ್ನುವುದರ ಮೇಲೆ ನಿಂತಿದೆ ಎಂದು ಅವಳು ಹೇಳಿದಾಗ ನನಗೆ ಖುಷಿಯಾಯಿತು. ಮೇಲ್ಮೈಯ ಬೆಲೆ ನನಗೆ ಗೊತ್ತು. ಜೀವನವಿಡೀ ನಾನು ಸವರಿ ನೋಡಿದ್ದು ಮೇಲ್ಮೈಯನ್ನೇ.

ಅವಳ ಸ್ವಂತ ಪ್ರಶ್ನೆ ಇದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಹರಿವು ಜೋರಾದಾಗ ರೋಮದ ಹಿಡಿತ ಸಡಿಲವಾಗುತ್ತದೋ, ಇಲ್ಲಾ ಇನ್ನೂ ಬಿಗಿಯಾಗುತ್ತದೋ? ಅವಳ ಬಳಿಯಿದ್ದ, ಯಾರಿಗೂ ಕೆಡುಕು ಮಾಡದ ಒಂದು ಸಾಧು ಬ್ಯಾಕ್ಟೀರಿಯಾ ಎಳೆದಷ್ಟೂ ಬಿಗಿಯಾಗುತ್ತದೆ ಎಂದು ಅವಳ ಊಹೆ. ಹಾಗಿದ್ದರೆ ಅದು ಕರುಳಿನಲ್ಲಿ ಜಾಗ ಹಿಡಿದು ಕೂತು ಕೇಡಿಗಳಿಗೆ ಜಾಗ ಬಿಡದ ಹಾಗೆ ಮಾಡಬಹುದು ಎಂಬ ಆಸೆ.

"ಮೂಟೆ ಬಾಯಿಗೆ ಹಾಕೋ ಗಂಟಿದ್ದ ಹಾಗೆ ಅನ್ನು," ಎಂದೆ ನಾನು.

"ಅದೇ ಅಪ್ಪಾ! ಆದ್ರೆ ತೋರಿಸೋದು ಹೇಗೆ? ಎಲ್ಲಾರೂ ತಟ್ಟೇಲಿ ನಿಂತ ನೀರಲ್ಲಿ ಟೆಸ್ಟ್ ಮಾಡ್ತಾರೆ. ನಿಂತ ನೀರಲ್ಲಿ ರೋಮ ಇರೋದೂ ಕೂತಿರುತ್ತೆ, ಇಲ್ಲದಿರೋದೂ ಕೂತಿರುತ್ತೆ. ಆಮೇಲೆ ಕೈಯಲ್ಲಿ ತೊಳೀತಾರೆ. ನಾನು ತೊಳೆದ್ರೆ ಒಂದು ಲೆಕ್ಕ, ಇನ್ನೊಬ್ರು ತೊಳೆದ್ರೆ ಇನ್ನೊಂದು."

ಇದು ಊಟದ ಹೊತ್ತಿನ ಹರಟೆಯಾಗಿ ಇದ್ದಿದ್ದರೆ ನಾನು ಕೈ ತೊಳೆದು ಎದ್ದುಬಿಡುತ್ತಿದ್ದೆ. ಆದರೆ ಒಂದು ಭಾನುವಾರ ಅವಳು ಊಟಕ್ಕೇ ಬರಲಿಲ್ಲ. ರೂಮಿನಲ್ಲಿ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದಳು. ಅವಳ ಕೆಲಸವನ್ನು ಆಗಾಗ ಪರಿಶೀಲಿಸುವ ಸಮಿತಿಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ: ಥೀಸಿಸ್ ಸಲ್ಲಿಸುವ ಮೊದಲಿನ ಸೆಮಿನಾರಿನೊಳಗೆ ಹರಿವಿನ ಪ್ರಯೋಗ ಆಗದಿದ್ದರೆ ಆ ಅಧ್ಯಾಯ ಕೈಬಿಡಬೇಕು. ಹರಿವಿನ ಪ್ರಯೋಗಕ್ಕೆ ಬೇಕಾದ ಒಂದು ಪುಟ್ಟ ಡಬ್ಬಿ ಹೊರದೇಶದಿಂದ ಬರಬೇಕು, ಅದು ಬರುವಷ್ಟರಲ್ಲಿ ಸೆಮಿನಾರ್ ಮುಗಿದೇ ಹೋಗಿರುತ್ತದೆ.

"ಬಿಟ್ಟುಬಿಡು ಮತ್ತೆ. ಉಳಿದಿದ್ದಕ್ಕೇ ಡಾಕ್ಟರೇಟ್ ಕೊಡ್ತಾರಲ್ಲ," ಎಂದಳು ನನ್ನ ಹೆಂಡತಿ, ಬಾಗಿಲಲ್ಲಿ ನಿಂತು.

"ಕೊಡ್ತಾರಮ್ಮ. ಉಳಿದಿದ್ದೆಲ್ಲ ಬೇರೆಯವರು ಮಾಡಿದ್ದನ್ನೇ ನಾನೂ ಮಾಡಿರೋದು. ಇದೊಂದೇ ನಾನು ಕೇಳಿದ ಪ್ರಶ್ನೆ. ಇದನ್ನ ಬಿಟ್ರೆ ಥೀಸಿಸ್ ಇರುತ್ತೆ, ಅದರಲ್ಲಿ ನಾನಿರಲ್ಲ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. ಹತ್ತನೇ ಕ್ಲಾಸಿನ ರಿಸಲ್ಟಿಗೂ ಅಳದ ಹುಡುಗಿ ಅವಳು.

"ಆ ಡಬ್ಬಿ ಹೇಗಿರುತ್ತೆ, ತೋರಿಸು," ಎಂದೆ.

ಅವಳು ಪರದೆಯಲ್ಲಿ ತೋರಿಸಿದಳು. ನಾನು ಕನ್ನಡಕ ಏರಿಸಿ ನೋಡಿ, ಸತ್ಯವಾಗಿ ಹೇಳುತ್ತೇನೆ, ನಕ್ಕುಬಿಟ್ಟೆ. ಅಂಗೈಯಷ್ಟಗಲದ ಪಾರದರ್ಶಕ ಅಕ್ರಿಲಿಕ್ ತುಂಡು. ಅದರ ಒಂದು ಮುಖದಲ್ಲಿ ಕೂದಲೆಳೆಯಷ್ಟು ಆಳದ ಉದ್ದನೆಯ ಕಾಲುವೆ. ಎರಡು ತುದಿಯಲ್ಲಿ ನೀರು ಹೋಗುವುದಕ್ಕೆ, ಬರುವುದಕ್ಕೆ ಎರಡು ತೂತು. ಕಾಲುವೆಯ ಬಾಯಿಗೆ ಒಂದು ಗಾಜಿನ ಪಟ್ಟಿ ಒತ್ತಿ ಕೂರಿಸಿ ಸ್ಕ್ರೂ ಬಿಗಿಯಬೇಕು. ಆ ಗಾಜಿನ ಮೇಲೆ ಕರುಳಿನ ಜೀವಕೋಶ ಬೆಳೆಸಿರುತ್ತಾರೆ. ಪಂಪಿನಿಂದ ನೀರು ಬಿಟ್ಟರೆ ಅದೇ ಒಂದು ಪುಟ್ಟ ಕರುಳು.

"ಇಷ್ಟಕ್ಕೆ ಅಳ್ತಾ ಕೂತಿದೀಯಾ? ನಿಮ್ಮಪ್ಪ ಏನು ಸತ್ತು ಹೋಗಿದಾನಾ?" ಎಂದೆ. "ಬಿಡ್ತು ಅನ್ನಿ!" ಎಂದು ಹೆಂಡತಿ ಬೈದಳು. ಅವಳು ಬೈದದ್ದೂ ಸರಿಯೇ, ನನ್ನ ಬಾಯಿ ಹಾಗೆ.

ಮಾರನೆಯ ದಿನವೇ ಅಕ್ರಿಲಿಕ್ ತಂದೆ. ಅದು ಕಬ್ಬಿಣಕ್ಕಿಂತ ತಂಟೆಯ ವಸ್ತು. ಸ್ವಲ್ಪ ಅವಸರ ಮಾಡಿದರೂ ಕಾವಿಗೆ ಕರಗಿ ಕಟರಿಗೆ ಅಂಟಿಕೊಳ್ಳುತ್ತದೆ. ಸೋಪಿನ ನೀರು ಬಿಡುತ್ತಾ, ಮಷೀನನ್ನು ಆಮೆಯ ಹಾಗೆ ನಡೆಸುತ್ತಾ ನಾನೇ ಮಾಡಿದೆ. ಹುಡುಗರ ಕೈಗೆ ಕೊಡಲಿಲ್ಲ. ಕಾಲುವೆಯ ಆಳವನ್ನು ಐದು ಜಾಗದಲ್ಲಿ ಅಳೆದೆ, ಐದರಲ್ಲೂ ಒಂದೇ ಬಂತು. ಕೊನೆಗೆ ಯಾವ ಕೆಲಸದಲ್ಲೂ ಮಾಡುವ ಹಾಗೆ ಅಂಚು ಮುರಿದೆ. ಅಂದರೆ, ಲೋಹವಾಗಲಿ ಪ್ಲಾಸ್ಟಿಕ್ಕಾಗಲಿ ಕತ್ತರಿಸಿದಾಗ ಅದರ ಅಂಚು ಬ್ಲೇಡಿನ ಹಾಗೆ ಇರುತ್ತದೆ. ಸಣ್ಣ ಅರದಿಂದ ನವಿರಾಗಿ ಒಂದೆರಡು ಸಲ ಎಳೆದು ಅದನ್ನು ಓರೆ ಮಾಡುತ್ತೇವೆ. ಡ್ರಾಯಿಂಗಿನಲ್ಲಿ ಬರೆದಿರಲಿ ಬಿಡಲಿ, ಚೂಪು ಅಂಚಿನ ತುಂಡು ನನ್ನ ವರ್ಕ್‌ಶಾಪಿನಿಂದ ಹೊರಗೆ ಹೋಗಿಲ್ಲ. ಯಾರದೋ ಕೈ ಕುಯ್ಯುತ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ, ಅಂಚು ಮುರಿಯದೆ ಇಟ್ಟರೆ ಅದೇ ತುಂಡಿನಿಂದ ಬೆರಳ ಗೆಣ್ಣಿಗೆ ಬಾರಿಸುತ್ತಿದ್ದರು. ಇದಂತೂ ಮಗಳು ದಿನಾ ಕೈಯಲ್ಲಿ ಹಿಡಿಯುವ ವಸ್ತು. ಹೊರಗಿನ ಅಂಚುಗಳನ್ನೆಲ್ಲ ಓರೆ ಮಾಡಿ, ಕಾಲುವೆಯ ಎರಡು ದಡಗಳನ್ನೂ ಬಿಡದೆ ಅಷ್ಟೇ ಪ್ರೀತಿಯಿಂದ ಓರೆ ಮಾಡಿದೆ. ಆಮೇಲೆ ಪಾಲಿಶ್ ಹೊಡೆದೆ. ನೀರಿನ ಹನಿಯಂತೆ ಹೊಳೆಯುತ್ತಿತ್ತು.

"ಅಪ್ಪಾ, ಸೂಪರ್!" ಎಂದು ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಗೈಡ್ ಮೇಡಂ ಕೂಡ ಮೆಚ್ಚಿದರಂತೆ. ನಾನು ಅಕ್ಕಪಕ್ಕದ ಶೆಡ್ಡಿನವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಕರುಳು ಮಾಡಿದೀನಿ ಗುರು, ಕರುಳು!

ಆಮೇಲೆ ಮನೆಯಲ್ಲಿ ಕರುಳಿನ ಕಥೆ ನಿಂತುಹೋಯಿತು. ಅವಳು ಉಂಡು ಎದ್ದು ಹೋಗುತ್ತಿದ್ದಳು. ಬಾಯಿಬಿಡಿಸಿ ಕೇಳಿದಾಗ ಸಂಗತಿ ಗೊತ್ತಾಯಿತು. ಅವಳ ಬಳಿ ಎರಡು ಬಗೆಯಿದ್ದವು: ರೋಮವಿರುವ ಬ್ಯಾಕ್ಟೀರಿಯಾ, ಮತ್ತು ಅದೇ ಜಾತಿಯಲ್ಲಿ ರೋಮ ಹುಟ್ಟದ ಹಾಗೆ ಮಾಡಿದ ಬೋಳು ಬ್ಯಾಕ್ಟೀರಿಯಾ. ಹರಿವು ಬಿಟ್ಟರೆ ಬೋಳು ಕೊಚ್ಚಿ ಹೋಗಬೇಕು, ರೋಮದ್ದು ನಿಲ್ಲಬೇಕು. ಆದರೆ ಎರಡೂ ನಿಲ್ಲುತ್ತಿದ್ದವು. ಸಾಕಷ್ಟು ಸಲ ಮಾಡಿ ನೋಡಿದ್ದಳು. ಪ್ರತಿ ಸಲವೂ ಬೋಳು ಬ್ಯಾಕ್ಟೀರಿಯಾ ದಂಡಿಯಾಗಿ ಉಳಿಯುತ್ತಿತ್ತು.

"ಹಾಗಾದ್ರೆ ನಾನು ಅಂದ್ಕೊಂಡಿದ್ದೇ ತಪ್ಪು ಅಪ್ಪಾ. ರೋಮದಿಂದ ಏನೂ ಆಗಲ್ಲ."

"ಸೆಮಿನಾರ್ ಯಾವಾಗ?"

"ಮುಂದಿನ ತಿಂಗಳು."

ನನಗೆ ಸಂಕಟವಾಯಿತು. ಡಬ್ಬಿ ನಾನು ಮಾಡಿದ್ದು, ಅದು ಅಪ್ಪಟ. ಬ್ಯಾಕ್ಟೀರಿಯಾ ಅವಳದು, ಅದು ಅವಳಿಗೂ ದೇವರಿಗೂ ಬಿಟ್ಟದ್ದು. ಆ ವಾರವೆಲ್ಲ ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ. ಡಬ್ಬಿಯ ಮೇಲೆ ಒಂದು ಕ್ಷಣಕ್ಕೂ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ಅವಳಿಗೆ.

ಒಂದು ಮಧ್ಯಾಹ್ನ, ಗ್ರೈಂಡರಿನ ಸದ್ದಿನ ನಡುವೆ, ಅವಳು ವರ್ಕ್‌ಶಾಪಿಗೆ ಬಂದು ನಿಂತಳು. ಹಾಗೆಲ್ಲ ಬರುವವಳಲ್ಲ. ಬೆವರಿದ್ದಳು. ಬ್ಯಾಗಿನಿಂದ ಡಬ್ಬಿ ತೆಗೆದು ನನ್ನ ಟೇಬಲ್ಲಿನ ಮೇಲೆ ಇಟ್ಟಳು. ಕಾಲುವೆಯ ಎರಡು ದಡಕ್ಕೂ ಉದ್ದಕ್ಕೆ ಕೆಂಪು ಮಾರ್ಕರಿನಿಂದ ಗೆರೆ ಎಳೆದಿದ್ದಳು.

ನಮ್ಮ ಕಸುಬಿನಲ್ಲಿ ಕೆಂಪು ಗೆರೆಗೆ ಒಂದೇ ಅರ್ಥ. ಕಂಪನಿಯ ಇನ್‌ಸ್ಪೆಕ್ಷನ್‌ನವರು ಅಳತೆ ತಪ್ಪಿದ ತುಂಡಿಗೆ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುತ್ತಾರೆ. ರಿಜೆಕ್ಟ್. ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಅವಳಿಗೂ ಅದು ಗೊತ್ತು. ಚಿಕ್ಕವಳಿದ್ದಾಗ ಅಂಥ ಕೆಂಪು ತುಂಡುಗಳ ಜೊತೆ ಇದೇ ನೆಲದಲ್ಲಿ ಕೂತು ಆಡಿದವಳು.

"ಇದೇನೇ ಇದು?"

"ಅಪ್ಪಾ, ಈ ದಡ ಓರೆ ಮಾಡಿದೀರಲ್ಲ. ಯಾಕೆ?"

"ಯಾಕೆ ಅಂದ್ರೆ? ಅಂಚು ಮುರೀದೇ ಯಾರಾದ್ರೂ ಕೆಲಸ ಕೊಡ್ತಾರೇನೇ? ಕೈ ಕುಯ್ಯಲ್ವಾ?"

"ಡ್ರಾಯಿಂಗಲ್ಲಿ ಇತ್ತಾ ಅಪ್ಪಾ?"

ಹುಡುಗರು ಮಷೀನು ನಿಲ್ಲಿಸಿ ನೋಡುತ್ತಿದ್ದರು. ನನಗೆ ಉರಿದುಹೋಯಿತು. ಡ್ರಾಯಿಂಗ್ ಬಗ್ಗೆ ನನಗೆ ಪಾಠ ಹೇಳುತ್ತಾಳೆ! "ನಿನ್ನ ಎಕ್ಸ್‌ಪೆರಿಮೆಂಟ್ ಕೈಕೊಡ್ತು ಅಂತ ನನ್ನ ಕೆಲಸಕ್ಕೆ ಕೆಂಪು ಹಚ್ತೀಯಾ? ತಗೊಂಡ್ ಹೋಗು, ಆ ಫಾರಿನ್ನಿಂದಲೇ ತರಿಸ್ಕೋ!" ಎಂದು ಕೂಗಾಡಿ ಹೊರಗೆ ಬಂದು, ರಸ್ತೆಯ ಆಚೆ ಟೀ ಅಂಗಡಿಯಲ್ಲಿ ನಿಂತೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಹೊರಟುಹೋಗಿರುತ್ತಿದ್ದರು. ಅವಳು ಹೋಗಲಿಲ್ಲ. ಅಂಗಡಿಯಿಂದಲೇ ಕಾಣುತ್ತಿತ್ತು, ನನ್ನ ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು, ನಾನು ಬರುವುದನ್ನೇ ಕಾಯುತ್ತಿದ್ದಳು. ನನ್ನ ಹಠವೇ ಅದು, ನನಗೆ ಗುರುತು ಸಿಗದೇ ಇರುತ್ತದೆಯೇ?

ವಾಪಸ್ ಬಂದೆ. "ಏನು ನೋಡಿದೆ, ಹೇಳು," ಎಂದೆ.

ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು, ಕಪ್ಪು ಹಿನ್ನೆಲೆ. ಬೋಳು ಬ್ಯಾಕ್ಟೀರಿಯಾಗಳು ಹಸಿರಾಗಿ ಮಿನುಗುವಂತೆ ಮಾಡಿದ್ದಳು. ಕಾಲುವೆಯ ನಡುವೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಎರಡು ಪಕ್ಕದಲ್ಲಿ ಮಾತ್ರ ಎರಡು ದಟ್ಟ ಹಸಿರು ಪಟ್ಟೆ, ಗೆರೆ ಎಳೆದ ಹಾಗೆ ನೇರ.

"ನಡುವಿನ ಲೆಕ್ಕ, ಅಂಚಿನ ಲೆಕ್ಕ ಬೇರೆ ಬೇರೆ ಮಾಡಿದೆ ಅಪ್ಪಾ. ಬೋಳು ಎಲ್ಲಾ ದಡದಲ್ಲೇ ಇವೆ. ನೀವು ಓರೆ ಮಾಡಿದೀರಲ್ಲ, ಗಾಜಿಗೂ ಆ ಓರೆಗೂ ಮಧ್ಯೆ ಒಂದು ಸಂದಿ ಆಗಿದೆ. ಅಲ್ಲಿ ನೀರು ಹೆಚ್ಚೂಕಮ್ಮಿ ನಿಂತೇ ಇರುತ್ತೆ. ಅವು ಅಲ್ಲಿ ಬಚ್ಚಿಟ್ಕೊಳ್ತವೆ. ಆಮೇಲೆ ಅಲ್ಲಿಂದ ಸ್ವಲ್ಪ ಸ್ವಲ್ಪ ನಡುವಿಗೆ ಬರ್ತಾನೇ ಇರ್ತವೆ. ಅವು ಹಿಡ್ಕೊಂಡಿಲ್ಲ ಅಪ್ಪಾ, ನಿಮ್ಮ ಸಂದೀಲಿ ಕೂತಿವೆ."

ನಾನು ಆ ಎರಡು ಪಟ್ಟೆಗಳನ್ನು ನೋಡಿದೆ. ಅರದ ಓರೆ, ಅದರ ಅಗಲ, ಎಡದ ದಡದಲ್ಲಿ ಒಂದು ಕಡೆ ಕೈ ತುಸು ಹೆಚ್ಚು ಒತ್ತಿದ ಗುರುತು, ಎಲ್ಲವನ್ನೂ ಆ ಹಸಿರು ಬೋಳುಗಳು ಅಚ್ಚೊತ್ತಿದ ಹಾಗೆ ತೋರಿಸುತ್ತಿದ್ದವು. ಅದು ನನ್ನದೇ ಕೈ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಯಿತೇ ಎಂದು ಕೇಳಿದರೆ, ಆಯಿತು. ಆದರೆ ಅದು ನಿಲ್ಲಲಿಲ್ಲ. ಅದರ ಹಿಂದೆಯೇ ಇನ್ನೊಂದು ಬಂತು, ಅದಕ್ಕೆ ನಾನು ತಯಾರಾಗಿರಲಿಲ್ಲ. ದೊಡ್ಡ ದೊಡ್ಡ ಕಂಪನಿಯ ಇನ್‌ಸ್ಪೆಕ್ಟರುಗಳು ನನ್ನ ಕೆಲಸ ನೋಡಿದ್ದಾರೆ. ಹತ್ತು ತುಂಡಿನಲ್ಲಿ ಒಂದನ್ನು ಅಳೆದು, ನನ್ನ ಮುಖ ನೋಡಿ, ಇವನ ಕೆಲಸ ಚೆನ್ನಾಗಿರುತ್ತೆ ಬಿಡು ಎಂದು ಸೀಲು ಒತ್ತಿದವರು. ಇವಳು ಅಪ್ಪನ ಮುಖ ನೋಡಲಿಲ್ಲ. ಅಪ್ಪ ಪಾಲಿಶ್ ಹೊಡೆದದ್ದನ್ನು ನೋಡಲಿಲ್ಲ. ತನ್ನ ಊಹೆ ತಪ್ಪು ಎಂದು ಒಪ್ಪಿಕೊಂಡು ಸುಮ್ಮನಾಗುವುದು ಎಷ್ಟು ಸುಲಭವಿತ್ತು! ಅಪ್ಪನ ಮನಸ್ಸು ನೋಯಿಸುವುದಕ್ಕಿಂತ ಅದೇ ಸುಲಭ. ಅವಳು ಹಾಗೆ ಮಾಡದೆ ದಡ ಅಳೆದಿದ್ದಳು.

"ನಿಂಗೆ ಚೂಪು ಅಂಚೇ ಬೇಕಾ?" ಎಂದೆ.

"ಬ್ಲೇಡ್ ಥರ."

"ಕೈ ಕುಯ್ಯುತ್ತೆ ಕಣಮ್ಮ."

"ಗ್ಲೌಸ್ ಹಾಕ್ಕೋತೀನಪ್ಪ."

ಕೆಲಸ ಕಲಿತ ದಿನದಿಂದ ಅಂಚು ಮುರಿದ ಕೈಗೆ ಅಂಚು ಉಳಿಸುವುದು ಬಾರದು. ಅದು ಎಷ್ಟು ಕಷ್ಟ ಎಂದು ಆ ವಾರ ಗೊತ್ತಾಯಿತು. ಅಕ್ರಿಲಿಕ್ಕಿನಲ್ಲಿ ಕಾಲುವೆ ತೋಡಿದರೆ ದಡದಲ್ಲಿ ಬೂರು ಏಳುತ್ತದೆ, ಅಂದರೆ ಸಣ್ಣ ಸಣ್ಣ ಮುಳ್ಳಿನಂಥ ಎಳೆಗಳು. ಅರ ಮುಟ್ಟಿಸದೆ ಅವನ್ನು ತೆಗೆಯಬೇಕು. ಎರಡನೆಯ ಡಬ್ಬಿ ಮಾಡಿಕೊಟ್ಟೆ. ಅವಳು ಭೂತಗನ್ನಡಿ ಹಿಡಿದು ನೋಡಿ, "ಇಲ್ಲಿ ಚಕ್ಕೆ ಎದ್ದಿದೆ," ಎಂದು ಕೆಂಪು ಹಚ್ಚಿದಳು. ಮೂರನೆಯದನ್ನು ಕೊಟ್ಟೆ. ನನ್ನ ಕಣ್ಣಿಗೆ ಅದರಲ್ಲಿ ಕುಂದೇ ಇರಲಿಲ್ಲ. ಅವಳು ಅದನ್ನು ಕ್ಯಾಂಪಸ್ಸಿಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿ ಸಂಜೆ ವಾಪಸ್ ತಂದಳು. "ಸಾರಿ ಅಪ್ಪಾ," ಎಂದಳು. ದಡದಲ್ಲಿ ಮತ್ತೆ ಕೆಂಪು. "ಏನೇ ನೀನು, ಮಾರಿ!" ಎಂದು ನಾನು ಬೈದೆ. ಬೈಯುತ್ತಲೇ ಒಳಗೊಳಗೆ ಹಿಗ್ಗುತ್ತಿದ್ದೆ. ಹೆಂಡತಿಗೆ ಅದು ಗೊತ್ತಾಗಿ, "ಅಪ್ಪ ಮಗಳು ಇಬ್ಬರಿಗೂ ತಲೆ ಕೆಟ್ಟಿದೆ," ಎಂದು ಸಾರು ಬಡಿಸಿದಳು.

ನಾಲ್ಕನೆಯ ಸಲ ಲೆಕ್ಕಾಚಾರ ತಿರುವು ಹಾಕಿದೆ. ಮೊದಲು ಕಾಲುವೆಯನ್ನು ಬೇಕಾದುದಕ್ಕಿಂತ ಆಳವಾಗಿ ತೋಡಿ, ಆಮೇಲೆ ಹೊಚ್ಚ ಹೊಸ ಕಟರ್ ಹಾಕಿ, ತುಂಡಿನ ಇಡೀ ಮೇಲ್ಮುಖವನ್ನು ಗಾಳಿ ಸವರಿದಷ್ಟು ನವಿರಾಗಿ ಕೆತ್ತಿ ಇಳಿಸಿದೆ. ಬೂರೆಲ್ಲ ಅದರ ಜೊತೆ ಹೋಯಿತು. ಉಳಿದ ದಡವನ್ನು ನಾನು ಬೆರಳಿನಿಂದ ಮುಟ್ಟಿ ನೋಡುವ ಮೂರ್ಖತನ ಮಾಡಲಿಲ್ಲ. ಅವಳು ಅದನ್ನು ಒಯ್ದಳು. ಸಂಜೆ ಬರಿಗೈಯಲ್ಲಿ ಬಂದು, ಚಪ್ಪಲಿ ಬಿಡುತ್ತಾ, "ಪಾಸ್," ಎಂದಳು. ಅಷ್ಟೇ. ನಾನು ಅಂದು ಎರಡು ಮುದ್ದೆ ಉಂಡೆ.

ಒಂದು ಶನಿವಾರ ನನ್ನನ್ನು ಕ್ಯಾಂಪಸ್ಸಿಗೆ ಕರೆದುಕೊಂಡು ಹೋದಳು. ಡಬ್ಬಿ ಸೂಕ್ಷ್ಮದರ್ಶಕದ ಮೇಲಿತ್ತು, ಅದು ಕಂಡದ್ದೆಲ್ಲ ಪಕ್ಕದ ಪರದೆಯ ಮೇಲೆ ಬರುತ್ತಿತ್ತು. ಮೊದಲು ಬೋಳು ಬ್ಯಾಕ್ಟೀರಿಯಾ ಬಿಟ್ಟಳು. ಪಂಪು ಶುರುವಾದದ್ದೇ ತಡ, ಒಂದೂ ಉಳಿಯದ ಹಾಗೆ ಎಲ್ಲ ಕೊಚ್ಚಿ ಹೋದವು. ದಡದಲ್ಲಿ ಹುಡುಕಿದೆ, ಪಟ್ಟೆ ಇರಲಿಲ್ಲ. ಆಮೇಲೆ ಗಾಜು ಬದಲಿಸಿ ರೋಮದವನ್ನು ಬಿಟ್ಟಳು. ನಿಧಾನದ ಹರಿವಿನಲ್ಲಿ ಅವು ಕರುಳಿನ ಕೋಶಗಳ ಮೇಲೆ ತಡವರಿಸುತ್ತಾ ಉರುಳುತ್ತಿದ್ದವು, ಜಾಗ ಹುಡುಕುವವರ ಹಾಗೆ. ಅವಳು ಪಂಪನ್ನು ಜೋರು ಮಾಡಿದಳು. ಉರುಳುತ್ತಿದ್ದವು ಒಂದೊಂದಾಗಿ ನಿಂತವು. ಇನ್ನೂ ಜೋರು ಮಾಡಿದಳು. ಇನ್ನಷ್ಟು ನಿಂತವು. ಕಾಣದ ರೋಮದ ತುದಿಯಲ್ಲಿ ಗೋಡೆಯನ್ನು ಕಚ್ಚಿ ಹಿಡಿದು, ಮೈ ಮಾತ್ರ ನೀರಿಗೆ ನಡುಗುತ್ತಾ, ಜಾಗ ಬಿಡದೆ ನಿಂತಿದ್ದವು.

"ಸಾಕು ಬಿಡೇ, ಪಾಪ," ಎಂದೆ ನಾನು.

ಅವಳು ಗೊಳ್ಳೆಂದು ನಕ್ಕಳು. ತಿಂಗಳುಗಳ ಮೇಲೆ ಕೇಳಿದ ನಗು ಅದು.

ಸೆಮಿನಾರಿಗೆ ಯಾರು ಬೇಕಾದರೂ ಬರಬಹುದು ಎಂದಿದ್ದರಿಂದ ನಾನೂ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನನಗೆ ಅರ್ಧ ಅರ್ಥವಾಯಿತು, ಉಳಿದರ್ಧಕ್ಕೆ ಅವಳ ಮುಖ ನೋಡಿದೆ. ಆ ಸಮಿತಿಗೆಂದೇ ಹೊರಗಿನಿಂದ ಬಂದಿದ್ದ ಒಬ್ಬ ಹಿರಿಯ ಪ್ರೊಫೆಸರು ಎದ್ದು ನಿಂತು, ಈ ಚೇಂಬರ್ ಎಲ್ಲಿಂದ ತರಿಸಿದಿರಿ ಎಂದು ಕೇಳಿದರು. ರಾಜಾಜಿನಗರದಲ್ಲಿ ಮಾಡಿದ್ದು, ಮಾಡಿದವರು ನಮ್ಮ ತಂದೆ, ಅಲ್ಲಿ ಕೂತಿದ್ದಾರೆ ಎಂದು ಅವಳು ಹೇಳಿದಳು. ಎಲ್ಲರೂ ತಿರುಗಿ ನೋಡಿದರು. ನಾನು ಕೈಮುಗಿದೆ.

ಆ ಹಿರಿಯರು ನಗುತ್ತಾ ಕನ್ನಡಕ್ಕೆ ಹೊರಳಿದರು. ಆದರೆ ಪ್ರಶ್ನೆಯಲ್ಲಿ ನಗುವಿರಲಿಲ್ಲ. "ನಿಮ್ಮ ಇಡೀ ಅಧ್ಯಾಯ ಈ ಒಂದು ತುಂಡಿನ ಮೇಲೆ ನಿಂತಿದೆ ಕಣಮ್ಮ. ಅಪ್ಪ ಮಾಡಿಕೊಟ್ಟಿದ್ದು, ಮಗಳು ತಗೊಂಡಿದ್ದು. ಇದು ಸರಿಯಿದೆ ಅಂತ ನಾವು ನಂಬೋದು ಹೇಗೆ?"

ಗೈಡ್ ಮೇಡಂ ತಲೆ ತಗ್ಗಿಸಿ ಪೆನ್ನು ತಿರುಗಿಸುತ್ತಿದ್ದರು. ಇಷ್ಟು ದೂರ ಬಂದದ್ದೆಲ್ಲ ನನ್ನ ಹೆಸರಿನಿಂದಲೇ ಹಾಳಾಗಬೇಕೇ? ನಾನು ಬರಲೇಬಾರದಿತ್ತು ಎಂದುಕೊಂಡೆ.

ಅವಳು ಬ್ಯಾಗಿಗೆ ಕೈ ಹಾಕಿ ಆ ಮೂರು ಡಬ್ಬಿಗಳನ್ನು ತೆಗೆದಳು. ಮೂರಕ್ಕೂ ಕೆಂಪು ಗೆರೆ. ಕೆಂಪು ಹಚ್ಚಿದ ಮೇಲೂ ಸುಮ್ಮನೆ ಬಿಡದೆ ಎರಡನೆಯದರಲ್ಲೂ ಮೂರನೆಯದರಲ್ಲೂ ಬೋಳು ಬ್ಯಾಕ್ಟೀರಿಯಾ ಹರಿಸಿ ನೋಡಿದ್ದಳಂತೆ. ಒಂದೊಂದನ್ನೇ ಮೇಜಿನ ಮೇಲೆ ಇಟ್ಟು, ಪ್ರತಿಯೊಂದರಲ್ಲೂ ಬೋಳು ಬ್ಯಾಕ್ಟೀರಿಯಾ ಎಲ್ಲಿ ಕೂತಿತ್ತು ಎನ್ನುವ ಚಿತ್ರವನ್ನು ಪರದೆಯ ಮೇಲೆ ತೋರಿಸಿದಳು.

"ಸಾರ್, ಇದು ನಮ್ಮಪ್ಪ ಪ್ರೀತಿಯಿಂದ ಮಾಡಿದ್ದು, ರಿಜೆಕ್ಟ್ ಮಾಡಿದೆ. ಇದೂ ರಿಜೆಕ್ಟ್. ಇದೂ. ನಾಲ್ಕನೇದು ಸರಿಯಿತ್ತು, ತಗೊಂಡೆ. ಮಾಡಿದೋರು ಅಪ್ಪ ಅಂತ ಇನ್ನೂ ಸ್ವಲ್ಪ ಜಾಸ್ತೀನೇ ಚೆಕ್ ಮಾಡಿದೀನಿ ಸಾರ್."

ಕೆಂಪು ಬಳಿದ ನನ್ನ ಕೆಲಸ ಆ ಹಾಲಿನಲ್ಲಿ ಕೈ ಬದಲಾಯಿಸುತ್ತಾ ಹೋಯಿತು. ಓದಿದವರೆಲ್ಲ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಕಿವಿ ಬಿಸಿಯಾಗಿತ್ತು. ಎದ್ದು ಓಡಿಹೋಗಬೇಕು ಅನಿಸಲಿಲ್ಲ, ಎದ್ದು ನಿಲ್ಲಬೇಕು ಅನಿಸಿತು. ಆ ಹಿರಿಯರು ಮೊದಲನೆಯ ಡಬ್ಬಿಯ ದಡವನ್ನು ಉಗುರಿನಿಂದ ಸವರಿ ನೋಡಿ, ಪರದೆಯ ಚಿತ್ರ ನೋಡಿ, ಮತ್ತೆ ನಾಲ್ಕನೆಯದರ ಚಿತ್ರ ನೋಡಿದರು. "ಈ ಮೂರರ ಫೋಟೋನೂ ಥೀಸಿಸ್‌ನಲ್ಲಿ ಹಾಕಮ್ಮ," ಎಂದರು. "ಅಧ್ಯಾಯ ಇರಲಿ." ಗೈಡ್ ಮೇಡಂ ಉಸಿರು ಬಿಟ್ಟದ್ದು ಕೊನೆಯ ಸಾಲಿಗೂ ಕೇಳಿಸಿತು.

ಜ್ಞಾನಭಾರತಿಯಲ್ಲಿ ಮೆಟ್ರೋ ಹತ್ತಿದಾಗ ಕಾಲಿಡಲು ಜಾಗವಿರಲಿಲ್ಲ. ಇಬ್ಬರೂ ಕಂಬ ಹಿಡಿದು ನಿಂತೆವು. ಅವಳು ಬ್ಯಾಗನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ, ನಿಂತಲ್ಲೇ ತೂಕಡಿಸುತ್ತಿದ್ದಳು. ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಅನಿಸುತ್ತಿತ್ತು. ದೀಪಾಂಜಲಿ ನಗರದಲ್ಲಿ ಸ್ವಲ್ಪ ಜನ ಇಳಿದರು. ಪಕ್ಕದಲ್ಲಿ ನನ್ನ ವಯಸ್ಸಿನವರೇ ಒಬ್ಬರು, ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದರು.

"ಇವಳು ನನ್ನ ಮಗಳು ಸಾರ್," ಎಂದೆ ಅವರಿಗೆ. "ನಾನು ಮಾಡಿದ ಕೆಲಸ ಸರಿಯಿಲ್ಲ ಅಂತ ವಾಪಸ್ ಕಳಿಸಿದ್ಳು."

ಅವರು ನನ್ನನ್ನು ನೋಡಿದರು, ತೂಕಡಿಸುತ್ತಿದ್ದ ಅವಳನ್ನು ನೋಡಿದರು, ಪಾಪ ಎನ್ನುವ ಮುಖ ಮಾಡಿ ದನಿ ತಗ್ಗಿಸಿದರು. "ಹೋಗ್ಲಿ ಬಿಡಿ ಸಾರ್, ಈಗಿನ ಮಕ್ಕಳೇ ಹಾಗೆ. ಮನಸ್ಸಿಗೆ ಹಚ್ಕೋಬೇಡಿ."

"ಒಂದು ಸಲ ಅಲ್ಲ ಸಾರ್," ಎಂದೆ. ನನ್ನ ದನಿ ಇಡೀ ಬೋಗಿಗೆ ಕೇಳಿಸಿತು. "ಮೂರು ಸಲ ಕಳಿಸಿದ್ಳು!"